ಊಟದ ಸಾಲಿನಲ್ಲಿ 120 ಯೂರೋ

ಮಗಳೇ,

ಭಾನುವಾರ ರಾತ್ರಿ ನೀನು ಊಟ ಮಾಡದೆ ಬಸ್ಸು ಹತ್ತಿದೆ. ಅಮ್ಮ ಕಟ್ಟಿಟ್ಟಿದ್ದ ನೀರುದೋಸೆ ಮೇಜಿನ ಮೇಲೇ ಉಳಿಯಿತು. ಮಾತಿಗೆ ಮಾತು ಹೇಗೆ ಬೆಳೆಯಿತು ಅಂತ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. "ಈ ದುಡ್ಡಿಗೆ ಮ್ಯೂನಿಕ್ ಯಾಕೆ, ಇಲ್ಲೇ ಬಿದ್ದಿರು" ಅಂದದ್ದು ನನ್ನ ತಪ್ಪು. ನೀನು ಹೋಗಬೇಕು. ಹದಿನೆಂಟು ತಿಂಗಳ ಆ ಕೆಲಸಕ್ಕೆ ನಿನ್ನ ತಂಡದಲ್ಲಿ ನಿನ್ನನ್ನೇ ಆರಿಸಿದರು ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದೇನೆ. ಎರಡು ಮೀಟರ್ ವಯರ್ ಕೇಳಲು ಬಂದವರನ್ನೂ ನಿಲ್ಲಿಸಿ ಹೇಳಿದ್ದೇನೆ.

ಫೋನಿನಲ್ಲಿ ಹೇಳಲು ಹೋದರೆ ಮತ್ತೆ ಧ್ವನಿ ಏರುತ್ತದೆ. ಅದಕ್ಕೇ ಕಾಗದ.

ನೀನು ಲ್ಯಾಪ್‌ಟಾಪಿನಲ್ಲಿ ತೋರಿಸಿದ ತಿಂಗಳ ಖರ್ಚಿನ ಲೆಕ್ಕವನ್ನು ಅವತ್ತೇ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಿದ್ದೆ. ಅಂಗಡಿ ಬಾಗಿಲು ಹಾಕಿದ ಮೇಲೆ ಮೂರು ರಾತ್ರಿ ಅದನ್ನೇ ನೋಡಿದೆ. ಮೊದಲ ಸಾಲು: ಊರಿಗೆ 300. ಆಮೇಲೆ ಬಾಡಿಗೆ 1,000. ಓಡಾಟ 49. ಕೊನೆಯಲ್ಲಿ ಊಟ 120. ಯಾವುದನ್ನು ಮೊದಲು ಬರೆದೆ, ಯಾವುದನ್ನು ಕೊನೆಗೆ ಬರೆದೆ ನೋಡು. ನನಗೆ ಸಿಟ್ಟು ಬಂದದ್ದು ಮ್ಯೂನಿಕ್ ಮೇಲೆ ಅಲ್ಲ. ಆ ಎರಡು ಸಾಲುಗಳ ಮೇಲೆ. ಅದನ್ನು ಬಾಯಿಬಿಟ್ಟು ಹೇಳಲು ಆಗದೆ ಬೇರೇನೋ ಕೂಗಾಡಿದೆ.

ನಾನು ಮಸ್ಕತ್ತಿಗೆ ಹೋದದ್ದು 1999ರಲ್ಲಿ. ನಿನಗೆ ಆಗ ಎರಡು ವರ್ಷ. ಹೋಗಿ ಬಂದ ಸಂಗತಿ ನಿನಗೆ ಗೊತ್ತು, ಇದು ಗೊತ್ತಿಲ್ಲ. ನಾನೂ ಹೊರಡುವ ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಬರೆದಿದ್ದೆ. ಸಂಬಳ 75 ರಿಯಾಲ್. ಆಗ ಒಂದು ರಿಯಾಲಿಗೆ ನೂರಹತ್ತು ರೂಪಾಯಿಯ ಮೇಲೆ ಸಿಗುತ್ತಿತ್ತು. ಗುಣಿಸಿದೆ, ಎಂಟು ಸಾವಿರ ದಾಟಿತು. ಊರಲ್ಲಿ ಮನೆಮನೆಗೆ ವಯರಿಂಗ್ ಮಾಡುತ್ತಿದ್ದವನಿಗೆ ಅದು ದೊಡ್ಡ ದುಡ್ಡು. ಗಳಿಕೆಯನ್ನು ಗುಣಿಸಿದೆ, ಖರ್ಚನ್ನು ಗುಣಿಸಲೇ ಇಲ್ಲ. ರೂಮು, ಊಟ ಎರಡೂ ಪುಕ್ಕಟೆ ಅಂತ ಏಜೆಂಟ್ ಹೇಳಿದ್ದ. ರೂಮು ಕೊಟ್ಟರು, ಎಂಟು ಜನಕ್ಕೆ ಒಂದು. ಮೊದಲ ಸಂಬಳದಲ್ಲೇ ಮೆಸ್ಸಿನ ಲೆಕ್ಕ ಅಂತ 18 ರಿಯಾಲ್ ಮುರಿದುಕೊಂಡರು. ಏಜೆಂಟನಿಗೆ ಕೊಡಲು ನಾನು ತಂದ ನಲವತ್ತು ಸಾವಿರ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮನೆಗೆ ಐದು ಸಾವಿರ ಕಳಿಸಿ, ಬಡ್ಡಿ ಕಟ್ಟಿದರೆ ಅಸಲಿಗೆ ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಮೆಸ್ಸು ಬಿಟ್ಟೆ. ಬೆಳಿಗ್ಗೆ ಚಹಾ, ಮಧ್ಯಾಹ್ನ ಖುಬ್ಬೂಸ್ ಅನ್ನುವ ಅಲ್ಲಿನ ರೊಟ್ಟಿ, ರಾತ್ರಿ ಖುಬ್ಬೂಸಿಗೆ ಸ್ವಲ್ಪ ಬೇಳೆ. ಬಿಸಿಲಲ್ಲಿ ದಿನವಿಡೀ ಗೋಡೆ ಕೊರೆದು ಪೈಪು ಹಾಕುವ ಕೆಲಸ. ಪ್ರತಿ ಕಾಗದದಲ್ಲೂ ಅಮ್ಮನಿಗೆ ಬರೆಯುತ್ತಿದ್ದೆ, "ಇಲ್ಲಿ ಊಟಕ್ಕೇನೂ ತೊಂದರೆ ಇಲ್ಲ."

ವಾಪಸ್ ಬಂದ ದಿನ ಅಮ್ಮ ಪೆಟ್ಟಿಗೆ ಬಿಚ್ಚಿ ಬಟ್ಟೆ ತೆಗೆಯುತ್ತಿದ್ದಳು. ನನ್ನ ಬೆಲ್ಟ್ ಕೈಗೆ ಬಂತು. ಅದರಲ್ಲಿ ಮೂರು ಹೊಸ ತೂತುಗಳಿದ್ದವು, ಮೊಳೆ ಹೊಡೆದು ಮಾಡಿಕೊಂಡದ್ದು. ಅವಳು ಒಂದೊಂದೇ ತೂತಿನ ಮೇಲೆ ಬೆರಳಿಟ್ಟು ನೋಡಿದಳು. ಏನೂ ಕೇಳಲಿಲ್ಲ. ಸುಮ್ನೆ ಮಡಚಿ ಕಪಾಟಿನಲ್ಲಿಟ್ಟಳು. ಅವತ್ತಿನಿಂದ ಇವತ್ತಿನವರೆಗೆ ಆ ವಿಷಯ ನಾವಿಬ್ಬರೂ ಮಾತಾಡಿಲ್ಲ. ಭಾನುವಾರ "ಊಟ 120" ಅಂತ ನೀನು ಓದಿದಾಗ ಅಮ್ಮ ಎದ್ದು ಒಳಗೆ ಹೋದಳಲ್ಲ, ನೀರು ತರಲು ಹೋದದ್ದಲ್ಲ.

ಈಗ ಯೂರೋ ಕೂಡ ನೂರು ರೂಪಾಯಿ ದಾಟಿದೆ. ಗುಣಿಸಲು ಬಹಳ ಸುಲಭ, ಅದೇ ಹೆದರಿಕೆ. ಅಲ್ಲಿ ಕಾಲಿಟ್ಟ ಮೇಲೆ ಗುಣಿಸುವುದನ್ನು ಬಿಟ್ಟುಬಿಡು. ಟೊಮೆಟೊ ಹಿಡಿದು "ಇದು ಮುನ್ನೂರು ರೂಪಾಯಿ ಆಯ್ತು" ಅಂತ ವಾಪಸ್ ಇಡಬೇಡ. ಯೂರೋದಲ್ಲಿ ದುಡಿ, ಯೂರೋದಲ್ಲೇ ತಿನ್ನು.

ನಮ್ಮ ಅಂಗಡಿಗೆ ಬರುವ ಮೇಷ್ಟ್ರ ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಾಲ್ಕು ವರ್ಷ ಇದ್ದು ಬಂದವಳು. ಅವಳನ್ನು ಕೂರಿಸಿಕೊಂಡು ಒಂದು ಗಂಟೆ ಕೇಳಿ ಬರೆದುಕೊಂಡೆ. ಉಪದೇಶ ಮಾಡುವುದಿಲ್ಲ ಅಂದುಕೊಂಡೇ ಬರೆಯಲು ಕೂತೆ, ಆದರೂ ಇಷ್ಟು ಕೇಳು.

ನೀನು ಬರೆದ 1,000 ಬರೀ ಗೋಡೆಗಳ ಬಾಡಿಗೆ. ಅಲ್ಲಿ ಅದಕ್ಕೆ ಕಾಲ್ಟ್‌ಮೀಟೆ ಅನ್ನುತ್ತಾರಂತೆ, ತಣ್ಣನೆ ಬಾಡಿಗೆ ಅಂತ ಅರ್ಥ. ಹೀಟರು, ನೀರು, ಕಸ ಸೇರಿದರೆ ವಾರ್ಮ್‌ಮೀಟೆ. ನೀನು ನೋಡಬೇಕಾದ್ದು ಎರಡನೆಯದನ್ನು. ಮನೆಯ ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಅದರಲ್ಲೂ ಇರುವುದಿಲ್ಲ. ಇದರ ಜೊತೆಗೆ ರೇಡಿಯೋ ಟಿವಿ ಶುಲ್ಕ ತಿಂಗಳಿಗೆ 18.36 ಯೂರೋ, ಮನೆಯಲ್ಲಿ ಟಿವಿ ಇರಲಿ ಬಿಡಲಿ. ಅದು ತಲೆಗೆ ಅಲ್ಲ, ಮನೆಗೆ. ಇಬ್ಬರು ಸೇರಿ ಮನೆ ಮಾಡಿದರೆ ಅರ್ಧ ಆಗುತ್ತದೆ. ಅಡ್ವಾನ್ಸ್ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟಲು ಕಾನೂನು ಬಿಡುತ್ತದೆ. ಒಂದೇ ಸಲ ಕೊಡು ಅಂದರೆ ಹೆದರಿ ಕೊಟ್ಟುಬಿಡಬೇಡ.

ಖಾಲಿ ಮನೆ ಮಾತ್ರ ಹಿಡಿಯಲೇಬೇಡ. ಎಷ್ಟೋ ಮನೆಗಳಲ್ಲಿ ಒಲೆ, ಸಿಂಕು ಕೂಡ ಇರುವುದಿಲ್ಲವಂತೆ. ಬಾಡಿಗೆದಾರರೇ ತಂದು ಕೂರಿಸಬೇಕು. ಲೈಟಿನ ಜಾಗದಲ್ಲಿ ಸೀಲಿಂಗಿನಿಂದ ಬರೀ ವಯರ್ ನೇತಾಡುತ್ತಿರುತ್ತದಂತೆ. ಹದಿನೆಂಟು ತಿಂಗಳಿಗೆ ಅಡುಗೆಮನೆ ಕಟ್ಟಿಸಿ ಬಿಟ್ಟು ಬರಲು ಆಗುತ್ತದಾ? ನಾಲ್ಕು ಜನರ ಮನೆಯಲ್ಲಿ ಒಂದು ರೂಮು ಸಿಕ್ಕರೂ ಸಾಕು, ಒಲೆ ಇರಬೇಕು. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮಾಲೀಕರ ಸಹಿ ಇರುವ ಕಾಗದ ಬೇಕು. ಆ ಕಾಗದ ಕೊಡುವುದಿಲ್ಲ ಅನ್ನುವ ಮನೆ ಎಷ್ಟು ಅಗ್ಗವಾದರೂ ಬೇಡ.

ಓಡಾಟಕ್ಕೆ 49 ಅಂತ ಬರೆದಿದ್ದೀಯಲ್ಲ, ಅದು ಹಳೇ ರೇಟು. ಆ ತಿಂಗಳ ಟಿಕೆಟ್ 2023ರಲ್ಲಿ 49ಕ್ಕೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಅದೊಂದು ಹಳೇದಾದರೆ ಉಳಿದ ಸಾಲುಗಳೂ ಹಳೇದಿರಬಹುದು, ಮತ್ತೆ ನೋಡು.

ಆಫೀಸಿನಲ್ಲಿ ಕೇಳಲು ನಾಚಿಕೆಪಡಬೇಡ. ಸಂಬಳ ಇಲ್ಲಿಯದೋ ಅಲ್ಲಿಯದೋ? ಪಿಎಫ್ ಇಲ್ಲೇ ಮುಂದುವರಿಯುತ್ತದಾ? ಇದರ ಬಗ್ಗೆ ನಮ್ಮ ದೇಶಕ್ಕೂ ಜರ್ಮನಿಗೂ 2017ರಿಂದ ಒಪ್ಪಂದ ಜಾರಿಯಲ್ಲಿದೆ. ಕಂಪನಿ ಇಲ್ಲಿಂದ ಸ್ವಲ್ಪ ಕಾಲಕ್ಕೆ ಕಳಿಸಿದವರು ಪಿಎಫ್ ಕಚೇರಿಯ ಕವರೇಜ್ ಸರ್ಟಿಫಿಕೇಟ್ ಒಯ್ದರೆ ಅಲ್ಲಿ ಪೆನ್ಷನ್ ಕಡಿತ ಇಲ್ಲ. ಆ ಕಡಿತ ಸಂಬಳದ ಶೇಕಡಾ 9.3. ನಿನ್ನ ಊಟದ ಸಾಲಿಗಿಂತ ದೊಡ್ಡದು ಅದು.

ನನಗೆ ನಿದ್ದೆ ಬಾರದಂತೆ ಮಾಡಿದ್ದು ಇನ್ನೊಂದು. ಮಾಮೂಲಿ ಬಾಡಿಗೆ ಕರಾರಿನಲ್ಲಿ ಮನೆ ಬಿಡಲು ಮೂರು ತಿಂಗಳ ಮೊದಲು ಹೇಳಬೇಕು. ಹತ್ತನೇ ತಿಂಗಳಿಗೆ "ಕೆಲಸ ಮುಗಿಯಿತು, ವಾಪಸ್ ಬನ್ನಿ" ಅಂದರೆ? ಆ ಬಾಡಿಗೆಯನ್ನು ಕಂಪನಿ ಕೊಡುತ್ತದಾ ಅಂತ ಈಗಲೇ ಬರವಣಿಗೆಯಲ್ಲಿ ಕೇಳು. ಹೀಟರಿನ ವರ್ಷದ ಲೆಕ್ಕ ಕೂಡ ತಡವಾಗಿ ಬರುತ್ತದೆ. ನೀನು ಕುಂದಾಪುರಕ್ಕೆ ಬಂದು ಕೂತ ಮೇಲೂ ಬರಬಹುದು. ಅದಕ್ಕಾಗಿ ಅಡ್ವಾನ್ಸಿನಲ್ಲಿ ಒಂದಷ್ಟು ಹಿಡಿದುಕೊಳ್ಳುತ್ತಾರೆ. ಹಾಗಾಗಿ ಅಡ್ವಾನ್ಸನ್ನು ಕೈಯಲ್ಲಿರುವ ದುಡ್ಡು ಅಂತ ಎಣಿಸಬೇಡ.

ಈಗ ಮೊದಲ ಸಾಲಿಗೆ ಬರುತ್ತೇನೆ. "ಊರಿಗೆ 300" ಅನ್ನುವುದನ್ನು ಅಳಿಸು. ಮನೆಗೆ ಸ್ಲ್ಯಾಬ್ ಹಾಕಿಸಿದ ಸಾಲ ನನ್ನದು, ನೀನು ಹೊತ್ತದ್ದಲ್ಲ. ಅಂಗಡಿ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೊಡಲು ಮಾತಾಡಿದ್ದೇನೆ. ಕಮ್ಮಿ ಬಿದ್ದದ್ದನ್ನು ನನ್ನ ಎಫ್‌ಡಿಯಿಂದ ತುಂಬುತ್ತೇನೆ. ಹದಿನೆಂಟು ತಿಂಗಳು ಕಂತು ತಪ್ಪುವುದಿಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಆ 300ರಲ್ಲಿ 150 ಊಟಕ್ಕೆ ಸೇರಿಸು. ಉಳಿದದ್ದು ಚಳಿ ಬಟ್ಟೆಗೆ, ಔಷಧಿಗೆ ಇರಲಿ. ಊಟ 270 ಆಗುತ್ತದೆ. ಖರ್ಚಾಗದಿದ್ದರೆ ಬೇಡ. ಆದರೆ ಹಾಳೆಯಲ್ಲಿ ಇರಲಿ. ಹಾಳೆಯಲ್ಲಿ ಇಲ್ಲದ ದುಡ್ಡನ್ನು ನಿನ್ನಂಥವಳು ಖರ್ಚೇ ಮಾಡುವುದಿಲ್ಲ, ನನಗೆ ಗೊತ್ತು. ನಾನೂ ಮಾಡಲಿಲ್ಲ.

ಭಾನುವಾರ ಅಲ್ಲಿ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಟ್ಟುಕೋ. ವಾರಕ್ಕೊಂದು ಸಲ ವಿಡಿಯೋ ಕಾಲ್‌ನಲ್ಲಿ ತಟ್ಟೆ ತೋರಿಸು. "ಊಟ ಆಯ್ತಮ್ಮ" ಅಂತ ಬಾಯಲ್ಲಿ ಹೇಳಿದರೆ ಸಾಲದು. ಆ ಮಾತನ್ನು ಇಪ್ಪತ್ತೆರಡು ತಿಂಗಳು ಬರೆದವನು ನಾನು, ಅದನ್ನು ಹೇಗೆ ಹೇಳುತ್ತಾರೆ ಅಂತ ಚೆನ್ನಾಗಿ ಗೊತ್ತು.

ಶನಿವಾರ ನಾವಿಬ್ಬರೂ ಬೆಂಗಳೂರಿಗೆ ಬರುತ್ತೇವೆ. ಅಮ್ಮ ಮಿಡಿ ಉಪ್ಪಿನಕಾಯಿ, ಹಪ್ಪಳ ಕಟ್ಟುತ್ತಿದ್ದಾಳೆ. ಕುಚ್ಚಲಕ್ಕಿಯೂ ಎರಡು ಕೆ.ಜಿ. ಇದೆ, ಭಾರ ಜಾಸ್ತಿಯಾದರೆ ನಿನ್ನ ಪುಸ್ತಕ ತೆಗೆದಿಡು, ಅಕ್ಕಿ ಬೇಡ ಅನ್ನಬೇಡ. ಚಿಕ್ಕ ಮಿಕ್ಸಿ ತಂದಿದ್ದೇನೆ. ಅಲ್ಲಿಯೂ 230 ವೋಲ್ಟೇ, ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ, ಅಡಾಪ್ಟರ್ ಎರಡು ತೆಗೆದಿಟ್ಟಿದ್ದೇನೆ. ಮೂರು ಲೀಟರಿನ ಕುಕ್ಕರ್ ಇಂಡಕ್ಷನ್ ತಳದ್ದೇ ತರಲಾ? ನಿನ್ನ ರೂಮಿನ ಒಲೆ ಯಾವುದು ಅಂತ ಗೊತ್ತಾದ ಕೂಡಲೇ ಹೇಳು, ಬದಲಾಯಿಸಲು ಶುಕ್ರವಾರದವರೆಗೆ ಸಮಯ ಇದೆ.

ನಿನ್ನ ಅಪ್ಪ