ಅವರಿಗೆ ಯಾರೂ ಹೇಳಲಿಲ್ಲ

ಗುಳೇದಗುಡ್ಡ

ಪ್ರೀತಿಯ ಮಗಳೇ,

ಅಮೆರಿಕದ ಅಲ್ಬುಕರ್ಕಿಯ ಅಣು ವಿಜ್ಞಾನ ಮ್ಯೂಸಿಯಂ ಹೇಗನಿಸಿತು ಅಂತ ಫೋನ್ ಮಾಡಿದಾಗಲೆಲ್ಲ ಕೇಳುತ್ತೀಯ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಹೊರಗೆ ನಿಲ್ಲಿಸಿದ್ದ ದೊಡ್ಡ ಯುದ್ಧವಿಮಾನಗಳನ್ನು ನೋಡಿ ಪುಟ್ಟ ಕುಣಿದಾಡಿದ. ಒಳಗೆ ಹಿರೋಶಿಮಾ, ನಾಗಸಾಕಿಯ ಬಾಂಬುಗಳ ಮಾದರಿ ಕಂಡಾಗ, "ಅಜ್ಜಿ, ಇದರಲ್ಲಿ ಯಾವುದು ಜಾಸ್ತಿ ಜೋರು?" ಅಂದ. ಮಗುವಿನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಬಾಂಬಿನ ಮುಂದೆ ನಿಂತರೆ ಯಾರಿಗಾದರೂ ಅದೇ ಪ್ರಶ್ನೆ ಬರುತ್ತದೆ. ಹಿರೋಶಿಮಾ ಒಂದರಲ್ಲೇ 1945 ಮುಗಿಯುವಷ್ಟರಲ್ಲಿ ಸುಮಾರು 1,40,000 ಜನ ಸತ್ತರು ಅಂತ ಅವನಿಗೆ ಹೇಗೆ ಹೇಳಲಿ? ಸ್ವಲ್ಪ ದೊಡ್ಡವನಾದ ಮೇಲೆ ನೀನೇ ಹೇಳು. ಆದರೆ ಬಾಂಬಿನಿಂದ ಶುರು ಮಾಡಬೇಡ.

ರೇಡಿಯಂನಿಂದ ಶುರು ಮಾಡು, ತಾನಾಗಿಯೇ ವಿಕಿರಣ ಸೂಸುವ ಲೋಹ ಅದು. ಮೇರಿ ಕ್ಯೂರಿ ಮತ್ತು ಅವಳ ಗಂಡ ಅದನ್ನು ಕಂಡುಹಿಡಿದದ್ದು 1898ರಲ್ಲಿ. ಆಮೇಲೆ ಅಮೆರಿಕದ ಕಾರ್ಖಾನೆಗಳಲ್ಲಿ ರೇಡಿಯಂ ಬಣ್ಣದಿಂದ ಗಡಿಯಾರದ ಅಂಕಿ ಬರೆಸುತ್ತಿದ್ದರು, ಕತ್ತಲಲ್ಲೂ ಹೊಳೆಯಲಿ ಅಂತ. ಬರೆಯುತ್ತಿದ್ದವರು ಹರೆಯದ ಹುಡುಗಿಯರು. ನಾವು ಕೌದಿ ಹೊಲಿಯುವಾಗ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುತ್ತೇವಲ್ಲ, ಹಾಗೆ ಅವರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುತ್ತಿದ್ದರು. ಹಾಗೆ ಮಾಡಿ ಅಂತ ಕಲಿಸಿಕೊಟ್ಟವರೂ ಕೆಲಸ ಕೊಟ್ಟವರೇ. ಏನೂ ಆಗಲ್ಲ ಅಂತಲೂ ಹೇಳಿದ್ದರು. ಅದೇ ಕಾರ್ಖಾನೆಯ ವಿಜ್ಞಾನಿಗಳು ಮಾತ್ರ ಸೀಸದ ಮರೆಯಲ್ಲಿ ನಿಂತು, ಇಕ್ಕಳದಲ್ಲಿ ರೇಡಿಯಂ ಹಿಡಿಯುತ್ತಿದ್ದರು! ರೇಡಿಯಂ ಸುಣ್ಣದ ಅಂಶದ ಹಾಗೆ ಎಲುಬಿಗೆ ಸೇರಿಕೊಳ್ಳುತ್ತದೆ. ಹುಡುಗಿಯರ ಹಲ್ಲು ಉದುರಿದವು, ದವಡೆಯ ಎಲುಬು ಪುಡಿಯಾಯಿತು. 1927ರಲ್ಲಿ ನ್ಯೂಜೆರ್ಸಿಯ ಐವರು ಕೋರ್ಟಿಗೆ ಹೋದರು. ಮೈಯಲ್ಲಿ ಶಕ್ತಿಯೇ ಇಲ್ಲದಾಗ ಕೋರ್ಟಿಗೆ ಹೋಗುವುದೆಂದರೆ ಸಣ್ಣ ಮಾತಾ? ಊರಿಗೆ ಬಂದ ಮೇಲೆ ಇದನ್ನೆಲ್ಲ ಹುಡುಕಿ ಓದಿದೆ. ಆ ಹುಡುಗಿಯರ ಯೋಚನೆ ಇನ್ನೂ ತಲೆಯಿಂದ ಹೋಗಿಲ್ಲ.

ಇನ್ನೊಂದು ನೀವಿರುವ ನ್ಯೂ ಮೆಕ್ಸಿಕೊ ರಾಜ್ಯದ್ದೇ ಕಥೆ. 1945ರ ಜುಲೈ 16ರ ನಸುಕಿನಲ್ಲಿ ಮೊದಲ ಅಣುಬಾಂಬ್ ಸಿಡಿಸಿ ನೋಡಿದ್ದು ಅಲ್ಲೇ ಅಲ್ವಾ? ಸುತ್ತಲಿನ ಹಳ್ಳಿಗಳಿಗೆ ಮೊದಲು ಹೇಳಲಿಲ್ಲ. ಆಮೇಲೆ, ಮದ್ದುಗುಂಡಿನ ಉಗ್ರಾಣ ಸಿಡಿಯಿತು ಅಂತ ಸುಳ್ಳು ಹೇಳಿದರು. ಆ ಕಡೆಯ ಜನ ಮಾಳಿಗೆ ಮೇಲಿನ ಮಳೆನೀರು ಹಿಡಿದು ಕುಡಿಯುವವರು. ಬಾಂಬಿನ ವಿಕಿರಣದ ಬೂದಿ ಬಿದ್ದದ್ದೂ ಅದೇ ಮಾಳಿಗೆಯ ಮೇಲೆ. ಅವರನ್ನು ಪರಿಹಾರದ ಕಾನೂನಿಗೆ ಸೇರಿಸಿದ್ದು 2025ರಲ್ಲಿ. 80 ವರ್ಷ ಕಳೆದಿತ್ತು. ಅಷ್ಟರಲ್ಲಿ ಎಷ್ಟು ಅಜ್ಜ ಅಜ್ಜಿಯರು ಹೋಗಿಬಿಟ್ಟರೋ.

ನಾನು ವಿಜ್ಞಾನವನ್ನು ಬೈಯುತ್ತಿಲ್ಲ ಕಣವ್ವ. ನಿನ್ನ ಚಿಕ್ಕವ್ವನಿಗೆ ರೇಡಿಯೇಷನ್ ಕೊಡಿಸಲು ಹುಬ್ಬಳ್ಳಿಗೆ ಓಡಾಡಿದವಳು ನಾನು. ಅದರಿಂದಲೇ ಅವಳು ಇವತ್ತು ನಮ್ಮ ಜೊತೆ ಇದ್ದಾಳೆ. ಅಲ್ಲಿ ಮಷಿನ್ ನಡೆಸುವ ಹುಡುಗಿಯ ಎದೆಯ ಮೇಲೆ ಒಂದು ಬ್ಯಾಡ್ಜ್ ಇತ್ತು. ಏನವ್ವ ಅದು ಅಂದೆ. ತನ್ನ ಮೈಗೆ ಎಷ್ಟು ವಿಕಿರಣ ತಾಗಿತು ಅಂತ ಅದು ಲೆಕ್ಕ ಇಡುತ್ತದೆ ಅಂದಳು. ಬಾಗಿಲು ಯಾಕೆ ಅಷ್ಟು ದಪ್ಪ, ತಾನು ಯಾಕೆ ಹೊರಗೆ ನಿಲ್ಲಬೇಕು, ಎಲ್ಲ ಬಿಡಿಸಿ ಹೇಳಿದಳು. ಆ ಗಡಿಯಾರದ ಹುಡುಗಿಯರಿಗೆ ಇಷ್ಟು ಹೇಳುವವರು ಒಬ್ಬರಿದ್ದಿದ್ದರೆ!

ಪುಟ್ಟನನ್ನು ಮತ್ತೆ ಅಲ್ಲಿಗೆ ಕರೆದುಕೊಂಡು ಹೋಗು. ವಿಮಾನಗಳನ್ನು ಮನಸಾರೆ ನೋಡಲಿ. ಒಳಗೆ ಹೋದ ಮೇಲೆ ಈ ಹುಡುಗಿಯರ ವಿಷಯ ಅವನಿಗೆ ತಿಳಿಯುವ ಹಾಗೆ ಹೇಳು. ಅಳಿಯಂದಿರಿಗೂ ಈ ಪತ್ರ ಓದಿ ಹೇಳು. ಆ ಬೂದಿ ಬಿದ್ದ ಟುಲರೋಸಾ ಕಡೆಯ ಹಿರಿಯರು ಯಾರಾದರೂ ಸಿಕ್ಕರೆ ಬಾಂಬ್ ಸಿಡಿಸಿದ ಬೆಳಗಿನ ಬಗ್ಗೆ ಕೇಳಿ, ಅವರು ಹೇಳಿದ್ದನ್ನು ನನಗೆ ಬರೆದು ಕಳಿಸು.

ನಿನ್ನ ಅವ್ವ