ಕೊನೆಯ ಚರಣ ಬಿಡಬೇಡಿ

ಮಾನ್ಯ ಸಂಪಾದಕರೇ,

ಈ ಸಲದ ಗಾಂಧಿ ಜಯಂತಿಗೆ ನಮ್ಮ ಬಡಾವಣೆಯ ಮಕ್ಕಳು ‘ಕರುಣಾಳು ಬಾ ಬೆಳಕೆ’ ಹಾಡಿದರು. ಚೆನ್ನಾಗಿಯೇ ಹಾಡಿದರು. ಆದರೆ ಮೊದಲ ಚರಣಕ್ಕೇ ಮುಗಿಸಿ ಕೈಮುಗಿದರು. ಕೊನೆಯ ಚರಣಕ್ಕಾಗಿ ಕಾದು ಕೂತಿದ್ದ ನನಗೆ ಊಟದ ಮಧ್ಯೆ ಎಲೆ ಎತ್ತಿದ ಹಾಗಾಯಿತು. ಇದನ್ನು ಇಂಗ್ಲಿಷಿನಲ್ಲಿ ಚರ್ಚಿನಲ್ಲೂ ಹಾಡುತ್ತೇವೆ ಅಂತ ಪಕ್ಕದವರಿಗೆ ಹೇಳಿದೆ. ‘ನಿಮ್ಮ ಚರ್ಚಿನದಾ? ಇದು ಬಿ.ಎಂ.ಶ್ರೀ. ಅವರದು ಕಣ್ರೀ’ ಅಂದರು.

ಇಬ್ಬರದೂ ಸರಿಯೇ. ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ ಸಿಸಿಲಿಯಲ್ಲಿ ಜ್ವರ ಬಂದು, ಸಾಯುವ ಹಾಗಾಗಿ ಉಳಿದುಕೊಂಡರು. 1833ರ ಜೂನ್‌ನಲ್ಲಿ ಊರಿಗೆ ಹೊರಟರೆ, ಅವರಿದ್ದ ಕಿತ್ತಳೆ ಹಣ್ಣಿನ ಹಡಗು ಗಾಳಿಯಿಲ್ಲದೆ ಸಮುದ್ರದ ಮಧ್ಯೆ ನಿಂತುಬಿಟ್ಟಿತು. ಅಲ್ಲಿ ಬರೆದ ಹಾಡಿದು. ‘ಮನೆ ದೂರ’ ಅನ್ನುವುದು ಸುಮ್ನೆ ಅಲಂಕಾರಕ್ಕೆ ಬಂದ ಮಾತಲ್ಲ. ಬಿ.ಎಂ.ಶ್ರೀ. ಅದನ್ನು ‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿ ಕನ್ನಡಕ್ಕೆ ತಂದರು. ಗಾಂಧೀಜಿಗೂ ಮೂಲ ಹಾಡು ತುಂಬಾ ಇಷ್ಟ. ಅದರಲ್ಲಿ ಯೇಸುವಿನ ಹೆಸರೇ ಇಲ್ಲ ನೋಡಿ, ಅದಕ್ಕೇ ಎಲ್ಲರ ಮನೆಯೊಳಗೂ ಹೋಯಿತೇನೋ.

ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ಎಡಗಾಲು ಬಿದ್ದುಹೋಗಿತ್ತು. ದಿನಾ ಬೆಳಿಗ್ಗೆ ಕೆಂಪು ಗಾರೆಯ ಪಡಸಾಲೆಯಲ್ಲಿ ವಾಕರ್ ಹಿಡಿಸಿ ನಡೆಸುತ್ತಿದ್ದೆ. ಮೊದಲ ವಾರ ಕಂಬದಿಂದ ಬಾಗಿಲಿಗೆ ಬರಲು ಕಾಲು ಗಂಟೆ. ಅವರು ಬೇಜಾರಾದಾಗ ನಾನು ‘ಸಾಕು ನನಗೊಂದು ಹೆಜ್ಜೆ’ ಅಂತ ಹಾಡುತ್ತಿದ್ದೆ. ‘ನಿನಗೆ ಸಾಕು, ನನಗೆ ಬಸ್‌ಸ್ಟಾಂಡಿನ ತನಕ ಬೇಕು’ ಎಂದು ರೇಗುತ್ತಿದ್ದರು. ಆಮೇಲಾಮೇಲೆ ವಾಕರಿನ ಟಕ್ ಟಕ್‌ಗೆ ಅವರೇ ಗುನುಗತೊಡಗಿದರು. ‘ಮೆರೆದಾಯ್ತು’ ಎಂಬಲ್ಲಿಗೆ ಬಂದಾಗ ಮಾತ್ರ ನನ್ನ ಕಡೆ ನೋಡಿ ನಗುತ್ತಿದ್ದರು. ಸಣ್ಣ ವಯಸ್ಸಿನಲ್ಲಿ ಸ್ವಲ್ಪ ಜಾಸ್ತಿಯೇ ಮೆರೆದವರು!

ಹೋದ ವರ್ಷ ಹೋಗಿಬಿಟ್ಟರು. ಬಂದವರೆಲ್ಲ ‘ದೇವರ ಚಿತ್ತ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು, ನನಗೆ ಮಾತ್ರ ಸಹಿಸಲಾಗಲಿಲ್ಲ. ಎರಡು ತಿಂಗಳು ಚರ್ಚಿಗೆ ಹೋಗಲಿಲ್ಲ. ಒಂದು ರಾತ್ರಿ ನಿದ್ದೆ ಬಾರದೆ ಆ ಕೊನೆಯ ಚರಣ ನೆನಪಾಯಿತು: ‘ಬೆಳಗಾಗ ಹೊಳೆಯದೇ ಹಿಂದೊಮ್ಮೆ ನಾನೊಲಿದು / ಈ ನಡುವೆ ಕಳಕೊಂಡ ದಿವ್ಯ ಮುಖ ನಗುತ?’

ನಲವತ್ತು ವರ್ಷ ಎರಡೂ ಭಾಷೆಯಲ್ಲಿ ಹಾಡಿದವಳಿಗೆ ಒಂದು ವಿಷಯ ಅವತ್ತೇ ಹೊಳೆದದ್ದು. ಇಂಗ್ಲಿಷಿನಲ್ಲಿ ಅದು ಪ್ರಶ್ನೆಯಲ್ಲ. ಬೆಳಗಾದಾಗ ಆ ಮುಖಗಳು ನಗುತ್ತವೆ, ಅಷ್ಟೇ, ಅನುಮಾನವೇ ಇಲ್ಲ. ಕನ್ನಡದಲ್ಲಿ ಬಿ.ಎಂ.ಶ್ರೀ. ‘ನಡೆಸದಿಹೆಯಾ?’, ‘ನೂಕದಿಹೆಯಾ?’, ‘ಹೊಳೆಯದೇ?’ ಅಂತ ಕೇಳುತ್ತಾರೆ. ಅಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ನನಗೆ ಆಗ ಇರಲಿಲ್ಲ. ಕೇಳುವುದಕ್ಕೆ ಆಗುತ್ತಿತ್ತು. ಕತ್ತಲಲ್ಲಿ ಮೂರು ಸಲ ಕೇಳಿದೆ. ಮುಂದಿನ ಭಾನುವಾರ ಆರಾಧನೆಗೆ ಹೋದೆ, ಹಿಂದಿನ ಬೆಂಚಿನಲ್ಲಿ ಕೂತು ಬಂದೆ.

ಶಾಲೆಯವರಲ್ಲಿ, ಸುಗಮ ಸಂಗೀತ ಕಲಿಸುವವರಲ್ಲಿ ನನ್ನದೊಂದೇ ವಿನಂತಿ: ಹಾಡಿಗಿರುವುದೇ ಮೂರು ಚರಣ, ಮೂರನ್ನೂ ಕಲಿಸಿ. ನಮ್ಮ ಬಡಾವಣೆಯ ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ. ಸಂಜೆ ಐದರ ಮೇಲೆ ಮನೆಯಲ್ಲೇ ಇರುತ್ತೇನೆ. ಧ್ವನಿ ಮಾತ್ರ ಈಗ ಮೇಲಿನ ಸ್ವರಕ್ಕೆ ಏರುವುದಿಲ್ಲ.

– ನಿವೃತ್ತ ಶಿಕ್ಷಕಿ, ಮೈಸೂರು