ಅಪ್ಪನಿಗೆ ಓದಿ ಹೇಳು

ಸರ್ರೆ, ಬ್ರಿಟಿಷ್ ಕೊಲಂಬಿಯಾ
ಮೇ 11

ಅಮ್ಮಾ,

ನಮಸ್ಕಾರ. ನಾವೆಲ್ಲ ಆರಾಮ. ನಿನ್ನ ಕಾಗದ ಶುಕ್ರವಾರ ಬಂತು. ಅಪ್ಪನ ಹೆಬ್ಬೆರಳಿಗೆ ಉಳಿ ತಗುಲಿ ನಾಲ್ಕು ಹೊಲಿಗೆ ಬಿದ್ದದ್ದನ್ನು ಮೂರು ವಾರ ಫೋನಲ್ಲಿ ಯಾಕೆ ಮುಚ್ಚಿಟ್ಟಿರಿ? "ಗಂಟು ಮರ, ಜಾರಿತು" ಅಂತ ಅಪ್ಪ ಹೇಳಿದ್ದನ್ನು ನೀನು ನಂಬು, ನಾನು ನಂಬಲ್ಲ. ಐವತ್ತು ವರ್ಷ ಜಾರದ ಉಳಿ ಈಗ ಜಾರಿದೆ ಅಂದರೆ ಅದು ಕಣ್ಣಿನ ಪೊರೆಯದೇ ಕೆಲಸ. ಆಪರೇಷನ್ ಮಾಡಿಸಿ ಅಂತ ಡಾಕ್ಟರು ದೀಪಾವಳಿಗೇ ಹೇಳಿದ್ದರಲ್ಲ.

ಈ ಕಾಗದ ಅಪ್ಪನಿಗೆ ಓದಿ ಹೇಳು. ಮೊದಲು ಮರದ ವಿಷಯ ಓದು, ಆಪರೇಷನ್ ಆಮೇಲೆ. ಇಲ್ಲದಿದ್ದರೆ ಎದ್ದು ಕೊಟ್ಟಿಗೆಗೆ ಹೋಗಿಬಿಡ್ತಾರೆ.

ಶಾಲೆಯಲ್ಲಿ ಮಕ್ಕಳ ಕೈಲಿ ಟೋಟೆಮ್ ಕಂಬ ಮಾಡಿಸೋಕೆ ಕೆನಡಾಕ್ಕೆ ಹೋಗಬೇಕಿತ್ತಾ ಅಂತ ಅತ್ತೆ ಕೇಳಿದ್ದಾರಂತೆ. ಅವರಿಗೂ ಕೇಳಿಸು. ಟೋಟೆಮ್ ಕಂಬ ಅಂದರೆ ಇಲ್ಲಿನ ಮೂಲನಿವಾಸಿಗಳು ಇಡೀ ಸೀಡರ್ ಮರದಲ್ಲಿ ಕೆತ್ತುವ ಮನೆತನದ ಕಥೆ. ಪೂಜೆಗಲ್ಲ. ವ್ಯಾಂಕೂವರಿನ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ ನಿಲ್ಲಿಸಿದ ಕಂಬ, ಮೂಲನಿವಾಸಿಗಳಲ್ಲೇ ಹೈಡಾ ಜನರ ಜೇಮ್ಸ್ ಹಾರ್ಟ್ ಕೆತ್ತಿದ್ದು, 55 ಅಡಿ ಇದೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತುಕೊಂಡು ಹೋಗಿ ಇಡುತ್ತಿದ್ದ ವಸತಿಶಾಲೆಯೊಂದನ್ನು ಆ ಕಂಬದ ನಡುವೆ ಕೆತ್ತಿದ್ದಾರೆ. ಅಂಥ ಶಾಲೆಗಳಲ್ಲಿ ಸತ್ತ ಮಕ್ಕಳ ಲೆಕ್ಕಕ್ಕೆ ಸಾವಿರಾರು ತಾಮ್ರದ ಮೊಳೆ ಹೊಡೆದಿದ್ದಾರೆ. ನಾನು ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ.

ಕಂಬ ಎತ್ತುವಾಗ ಊರೆಲ್ಲ ಕರೆದು ಊಟ ಹಾಕಿ, ಬಂದವರಿಗೆಲ್ಲ ಉಡುಗೊರೆ ಕೊಡ್ತಾರೆ. ಕಥೆ ಕೇಳಿದವರು ಅದಕ್ಕೆ ಸಾಕ್ಷಿ. ಇದಕ್ಕೆ ಪಾಟ್ಲಾಚ್ ಅಂತಾರೆ. ಸರ್ಕಾರ 1885ರಿಂದ 1951ರವರೆಗೆ ಇದನ್ನು ಅಪರಾಧ ಅಂತ ಮಾಡಿಟ್ಟಿತ್ತು. ಅಷ್ಟು ವರ್ಷ ಊಟ, ಕಥೆ, ಹಾಡು ಎಲ್ಲ ಕದ್ದು ಮುಚ್ಚಿ. ಹೈಸ್ಲಾ ಅನ್ನೋ ಇನ್ನೊಂದು ಮೂಲನಿವಾಸಿ ಜನರ ಒಂದು ಕಂಬವನ್ನು 1929ರಲ್ಲಿ ಸ್ವೀಡನ್ನಿಗೆ ಸಾಗಿಸಿದ್ದರು, ಅದು ತಿರುಗಿ ಬಂದದ್ದು 2006ರಲ್ಲಿ.

ಅಪ್ಪನಿಗೆ ಇದು ಹಿಡಿಸುತ್ತೆ: ಮೂರ್ತಿ ನೋಡಿದಾಗ "ಮುಖ ಬಿಡು, ಕೈಯಲ್ಲೇನಿದೆ ನೋಡು" ಅಂತ ಹೇಳಿಕೊಟ್ಟಿದ್ದರಲ್ಲ, ಇಲ್ಲೂ ಹಾಗೇ. ಕೊಕ್ಕು ನೆಟ್ಟಗಿದ್ದರೆ ಕಾಡುಕಾಗೆ, ಬಾಗಿದ್ದರೆ ಹದ್ದು. ಮುಂದೆರಡು ದೊಡ್ಡ ಹಲ್ಲು, ಬಾಲದ ಮೇಲೆ ಗೀಟು ಗೀಟು ಇದ್ದರೆ ಬೀವರ್, ಹೊಳೆಗೆ ಒಡ್ಡು ಕಟ್ಟುವ ಪ್ರಾಣಿ. ನನ್ನ ಏಳನೇ ತರಗತಿಯ ಮಕ್ಕಳು ಈಗ ಥಟ್ಟನೆ ಹೇಳ್ತಾರೆ.

ಮೊದಲ ವರ್ಷ ನಾನು ತಪ್ಪು ಮಾಡಿದ್ದೆ. ಅಚ್ಚಾದ ಚಿತ್ರ ಹಂಚಿ, ಕಾಗೆ ಕರಡಿ ಬಣ್ಣ ಹಚ್ಚಿಸಿ ಒಂದರ ಮೇಲೊಂದು ಅಂಟಿಸಿದ್ದೆ. ಆಮೇಲೆ ಶಾಲೆಗೆ ಈ ನೆಲದ ಮೂಲನಿವಾಸಿಗಳಾದ ಕೋಸ್ಟ್ ಸೇಲಿಶ್ ಜನರ ಒಬ್ಬ ಹಿರಿಯರು ಬಂದರು. ಎತ್ತರದ ಕಂಬಗಳು ಹೆಚ್ಚಾಗಿ ಉತ್ತರದ ಹೈಡಾ, ಸಿಮ್ಷಿಯನ್ ಮುಂತಾದ ಜನರ ಕಡೆಯವು, ಈ ನೆಲದಲ್ಲಿ ಮೊದಲಿಂದ ಇದ್ದದ್ದು ಮನೆಯ ತೊಲೆ ಹೊರುವ ಕೆತ್ತನೆ ಕಂಬ ಅಂದರು. ಕಥೆಗೂ ಗುರುತಿಗೂ ವಾರಸುದಾರರಿದ್ದಾರೆ, ಕೇಳದೆ ಎತ್ತಿಕೊಳ್ಳಬಾರದು ಅಂದರು. ಬೈಯಲಿಲ್ಲ. ಅವರ ಚೀಲದಲ್ಲಿ ಬಾಚಿ ಇತ್ತು, ನಮ್ಮದರ ಹಾಗೇ! ನಮ್ಮಪ್ಪ ಗುಡಿಗಾರರು, ಗಂಧ, ಶಿವನಿ ಕೆತ್ತುತ್ತಾರೆ ಅಂದೆ. "ಹಾಗಾದರೆ ನಿಮ್ಮಪ್ಪನ ಕಥೆ ಹೇಳಿ, ಅದು ನಿಮ್ಮದು" ಅಂದರು.

ಈಗ ಮಕ್ಕಳು ಅವರ ಕಂಬಗಳನ್ನು ನೋಡಿ, ಓದಿ ಕಲೀತಾರೆ. ಕೈಯಲ್ಲಿ ಮಾಡೋದು ಮಾತ್ರ ತಂತಮ್ಮ ಮನೆಯ ಕಥೆ. ಕಾರ್ಪೆಟ್ ಸುತ್ತಿ ಬರುವ ದಪ್ಪ ರಟ್ಟಿನ ಕೊಳವೆ ಸಾಕು. ಮೊದಲು ಮನೆಗೆ ಹೋಗಿ ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬರಬೇಕು. ಒಬ್ಬ ಪಂಜಾಬಿ ಹುಡುಗ ಅಜ್ಜನ ಕೈಪಂಪು ಮಾಡಿದ. ಫಿಲಿಪೀನ್ಸಿನ ಹುಡುಗಿ ಅಮ್ಮನ ಸೂಟ್‌ಕೇಸ್ ಮಾಡಿ, ಎದ್ದು ನಿಂತು ಕಥೆ ಹೇಳುವಾಗ ಅತ್ತಳು. ಇಡೀ ತರಗತಿ ಸಾಕ್ಷಿ.

ನಾನೂ ಒಂದು ಮಾಡಿದೆ. ಎಲ್ಲಕ್ಕಿಂತ ಕೆಳಗೆ ಅಪ್ಪನ ಎರಡು ಕೈ, ಉಳಿ, ಕೊಡತಿ. ಕೆಳಗಿರುವುದು ಕಡಿಮೆ ಅಂತ ಜನ ತಿಳಿದಿದ್ದಾರೆ, ಹಾಗಲ್ಲ. ಎಷ್ಟೋ ಕಂಬಗಳಲ್ಲಿ ಬುಡದ್ದೇ ಮುಖ್ಯ. ಅದನ್ನು ಮಾಡುವ ವೇಳೆಗೆ ನಿನ್ನ ಕಾಗದ ಬಂದಿರಲಿಲ್ಲ. ಈಗ ಆ ಹೆಬ್ಬೆರಳು ನೋಡಿದರೆ ಹೊಟ್ಟೆ ಹಿಂಡುತ್ತೆ.

ಅಪ್ಪಾ, ಈಗ ಎದ್ದು ಹೋಗಬೇಡಿ. ಆಪರೇಷನ್ ಮಾಡಿಸಿ ಮಂಜಣ್ಣನ ಕಣ್ಣು ಹೋದದ್ದು ಮೂವತ್ತು ವರ್ಷದ ಹಿಂದೆ. ಈಗ ಅರ್ಧ ಗಂಟೆಯೂ ಹಿಡಿಯಲ್ಲ, ಅದೇ ದಿನ ಮನೆಗೆ. ಏನೂ ಆಗಲ್ಲ. ನಿಜವಾಗಲೂ ಏನೂ ಆಗಲ್ಲ. ನಾನು ಇಲ್ಲಿ ಇಬ್ಬರು ಡಾಕ್ಟರನ್ನು ಕೇಳಿದೆ, ಇಬ್ಬರೂ ಹಾಗೇ ಹೇಳಿದರು. ದುಡ್ಡಿನ ಮಾತೇ ಎತ್ತಬೇಡಿ. ನಿನ್ನೆ 60 ಸಾವಿರ ಕಳಿಸಿದ್ದೀನಿ, ಇನ್ನೂ ಬೇಕಾದರೆ ಇದೆ, ನಮಗೇನೂ ಕಷ್ಟವಿಲ್ಲ. ಒಪ್ಪಿಕೊಂಡ ಮಂಟಪ ತಡವಾದರೆ ಆಗಲಿ.

ಅಮ್ಮಾ, ಮಳೆ ಹಿಡಿಯೋ ಮೊದಲೇ ಚಿಕ್ಕಪ್ಪನ ಜೊತೆ ಶಿವಮೊಗ್ಗಕ್ಕೆ ಕಳಿಸು. ಶುಗರ್ ಚೀಟಿ ಮರೀಬೇಡ. ಅಲ್ಲಿವರೆಗೆ ಉಳಿಗಳನ್ನು ಅಟ್ಟದ ಮೇಲಿಡು, ನಾನು ಹೇಳಿದೆ ಅಂತ ಹೇಳು. ಜುಲೈ ಮೊದಲ ವಾರ ನಾನೇ ಬರ್ತೀನಿ. ದಿನ ಗೊತ್ತಾದ ಕೂಡಲೇ ಫೋನ್ ಮಾಡು, ಇಲ್ಲಿ ರಾತ್ರಿಯಾದರೂ ಪರವಾಗಿಲ್ಲ.

ಬೆಲ್ ಆಯ್ತು, ಮಕ್ಕಳು ಬಂದರು. ಕಂಬದ ಫೋಟೋ ಇದರಲ್ಲೇ ಇದೆ.

ನಿನ್ನ
ಸುಧಾ